ಕಂಪ್ಯೂಟರ್ ತಕರಾರು, ಮೊಬೈಲ್ ತಕರಾರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧದಷ್ಟರಲ್ಲಿ ‘ಏನೋ ಎರರ್ ಬರ್ತದ’ ಎಂದಷ್ಟೇ ಇತ್ತು. ಆ ‘ಏನೋ’ದಲ್ಲೇ ಉತ್ತರ ಇರುತ್ತದೆ. ಪರದೆಯ ಮೇಲೆ ಬಂದ ಸಾಲನ್ನು ಅಕ್ಷರ ಬಿಡದೆ ಬರೆದು ಕಳಿಸಿ, ಇಲ್ಲವೇ ಫೋಟೊ ತೆಗೆದು ಕಳಿಸಿ. ಯಂತ್ರದ ಮಾಡೆಲ್ ಯಾವುದು, ತಕರಾರು ಶುರುವಾಗುವ ಮುಂಚೆ ಏನು ಬದಲಾಯಿಸಿದ್ದಿರಿ ಎಂಬುದೂ ಇರಲಿ.

ದಲಾಲಿ ಅಂಗಡಿಯ ಕಂಪ್ಯೂಟರ್ ಚಾಲೂ ಮಾಡಿದ ಇಪ್ಪತ್ತು ಮಿನಿಟಿಗೆ ತಾನೇ ಬಂದ್ ಆಗತೈತಿ. ಯಾವ ಎರರೂ ಬರೂದಿಲ್ಲ. ಟೆಂಡರ್ ದಿನ ಬಿಲ್ ಮಾಡೂದು ಭಾಳ ತ್ರಾಸ ಆಗೇತ್ರಿ. ಹೊಸಾದು ತಗೊಳ್ಳೂದ?
— ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಹೊಸದು ಬೇಡ, ಮೊದಲು ಒಂದು ಪರೀಕ್ಷೆ ಮಾಡಿ. ಹೀಗೆ ಸುಳಿವಿಲ್ಲದೆ ಬಂದ್ ಆಗುವ ಯಂತ್ರದಲ್ಲಿ ಬಹುಮಟ್ಟಿಗೆ ದೋಷ ಇರುವುದು ಎರಡರಲ್ಲಿ ಒಂದು ಕಡೆ: ಪ್ರೊಸೆಸರ್ ಕಾದಿದೆ, ಇಲ್ಲವೇ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಸೋತಿದೆ. ಚಾಲೂ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತ ಬಯೋಸ್ (ವಿಂಡೋಸ್‌ಗಿಂತ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಒಳಗೆ ಹೋಗಿ. ‘ಹಾರ್ಡ್‌ವೇರ್ ಮಾನಿಟರ್’ ಅಥವಾ ‘ಪಿಸಿ ಹೆಲ್ತ್’ ಎಂಬಲ್ಲಿ ಸಿಪಿಯು ಉಷ್ಣಾಂಶ ಕಾಣುತ್ತದೆ. ಹಾಗೇ ಹದಿನೈದು ಮಿನಿಟು ಬಿಡಿ. ಅಂಕಿ 80, 90 ಎಂದು ಏರುತ್ತಲೇ ಹೋದರೆ ಗಾಳಿ ಆಡುತ್ತಿಲ್ಲ ಎಂದರ್ಥ. ಇಂಟೆಲ್ ಪ್ರೊಸೆಸರ್‌ಗಳು 100 ಡಿಗ್ರಿಯ ಆಸುಪಾಸಿನಲ್ಲಿ ವೇಗ ತಗ್ಗಿಸಿಕೊಳ್ಳುತ್ತವೆ, ಅದಕ್ಕೂ ಮೀರಿದರೆ ಸುಟ್ಟುಹೋಗದಿರಲೆಂದು ಯಂತ್ರವನ್ನೇ ನಿಲ್ಲಿಸುತ್ತವೆ. ಅಂಕಿ 50ರ ಹತ್ತಿರವೇ ನಿಂತಿದ್ದೂ ಬಂದ್ ಆದರೆ ಎಸ್‌ಎಂಪಿಎಸ್ ಬದಲಾಯಿಸಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಬಿಲ್ಲಿಂಗ್ ಯಂತ್ರಕ್ಕೆ ಒಳ್ಳೆಯ ಕಂಪನಿಯ 450 ವ್ಯಾಟ್‌ನದು ಧಾರಾಳವಾಯಿತು.

ನಿಮ್ಮ ಊರು, ನಿಮ್ಮ ವ್ಯಾಪಾರ ನೋಡಿದರೆ ಧೂಳಿನ ಮೇಲೇ ನಮ್ಮ ಗುಮಾನಿ. ಬ್ಯಾಡಗಿ ಕಾಯಿಯಿಂದ ಓಲಿಯೋರೆಸಿನ್ ಎಂಬ ಎಣ್ಣೆಯಂಥ ಸತ್ವ ತೆಗೆಯುತ್ತಾರೆಂಬುದು ನಿಮಗೇ ಗೊತ್ತು. ಆ ಜಿಡ್ಡಿನಿಂದ ಕಾಯಿಯ ಪುಡಿ ಮಾಮೂಲಿ ಧೂಳಿನಂತೆ ಊದಿದರೆ ಹಾರುವುದಿಲ್ಲ. ಫ್ಯಾನಿಗೂ ಅದರ ಕೆಳಗಿನ, ಶಾಖ ಹೀರುವ ಅಲ್ಯುಮಿನಿಯಂ ಹೀಟ್‌ಸಿಂಕಿಗೂ ನಡುವೆ ಕಂಬಳಿಯಂತೆ ಹೆಪ್ಪುಗಟ್ಟಿ ಕೂರುತ್ತದೆ. ಮೇಲಿನಿಂದ ನೋಡಿದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಕೆಳಗಿಳಿಯುವುದಿಲ್ಲ. ಆದ್ದರಿಂದ ಫ್ಯಾನ್ ಬಿಚ್ಚದೆ ಮಾಡಿದ ಸರ್ವಿಸ್ ಸರ್ವಿಸ್ಸೇ ಅಲ್ಲ.

ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಡಬ್ಬಿಯನ್ನು ಬಯಲಿಗೆ ತನ್ನಿ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕೇ ಬೇಕು, ಯಾಕೆಂದು ನಿಮಗೆ ಹೇಳಬೇಕಾಗಿಲ್ಲ. ಒಂದಿಂಚಿನ ಒಣ ಪೇಂಟ್ ಬ್ರಷ್‌ನಿಂದ ಕೆರೆದು ಸಡಿಲಿಸಿ, ಆಮೇಲೆ ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು. ಬಿಟ್ಟರೆ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಅದರ ಗಾಳಿಯ ಜೊತೆ ನೀರೂ ಬರುತ್ತದೆ. ಇಂಟೆಲ್ ಜೊತೆಗೇ ಬರುವ ಫ್ಯಾನಿಗೆ ನಾಲ್ಕು ಪ್ಲಾಸ್ಟಿಕ್ ಗೂಟಗಳಿರುತ್ತವೆ. ಬಾಣದ ಗುರುತಿನ ದಿಕ್ಕಿಗೆ ತಿರುವಿ ಮೇಲೆತ್ತಿದರೆ ಬಿಡುತ್ತವೆ. ಕೆಳಗೆ ಪ್ರೊಸೆಸರ್ ಮೇಲೆ ಒಣಗಿದ ಥರ್ಮಲ್ ಪೇಸ್ಟನ್ನು (ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಲೇಪ) ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಹೊಸ ಪೇಸ್ಟನ್ನು ದೊಡ್ಡ ಜೋಳದ ಕಾಳಿನಷ್ಟು ನಡುಮಧ್ಯೆ ಇಡಿ. ಹೆಚ್ಚು ಹಚ್ಚಿದರೆ ಹೆಚ್ಚು ತಂಪು ಎಂಬುದು ಸುಳ್ಳು. ಗೂಟಗಳನ್ನು ಮರಳಿ ಕೂರಿಸುವಾಗ ಎದುರುಬದುರು ಮೂಲೆಗಳನ್ನು ಜೋಡಿ ಜೋಡಿಯಾಗಿ ಒತ್ತಿ, ನಾಲ್ಕೂ ‘ಟಕ್’ ಎನ್ನಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳು ಹೊಡೆಯುವಷ್ಟು ವಿದ್ಯುತ್ ಹಿಡಿದಿರುತ್ತವೆ.

ಮುಂದೆ ಡಬ್ಬಿಯನ್ನು ನೆಲದಿಂದ ಒಂದೂವರೆ ಅಡಿ ಮೇಲೆ, ಸ್ಯಾಂಪಲ್ ಚೀಲಗಳಿಂದ ದೂರ ಇಡಿ. ಗಾಳಿ ಒಳಗೆಳೆಯುವ ಕಿಂಡಿಗೆ ತೆಳು ನೈಲಾನ್ ಬಲೆ ಕಟ್ಟಿ, ಸೀಸನ್ ಇರುವಾಗ ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. 64 ಜಿಬಿ ಫೋನ್ ತುಂಬಿಹೋಗಿದೆ. ಟೆಲಿಗ್ರಾಂ, ವಾಟ್ಸಾಪ್ ಎರಡರಲ್ಲೂ ನೋಟ್ಸ್ ಪಿಡಿಎಫ್‌ಗಳಿವೆ, ಅಳಿಸಲು ಹೆದರಿಕೆ. ಕ್ಲೀನರ್ ಆ್ಯಪ್ ಹಾಕಿಕೊಳ್ಳಲೇ?
— ವಿದ್ಯಾರ್ಥಿನಿ, ಧಾರವಾಡ

ಕ್ಲೀನರ್ ಆ್ಯಪ್ ಬೇಡ. ಅದೇ ಜಾಗ ತಿನ್ನುತ್ತದೆ, ಜೊತೆಗೆ ಜಾಹೀರಾತು ಬೇರೆ.

ಟೆಲಿಗ್ರಾಂ ಬಗ್ಗೆ ಹೆದರಬೇಡಿ. ಗುಂಪು, ಚಾನೆಲ್‌ಗಳಿಗೆ ಬಂದ ಕಡತದ ಮೂಲ ಅವರ ಸರ್ವರಿನಲ್ಲೇ ಇರುತ್ತದೆ, ನಿಮ್ಮ ಫೋನಿನಲ್ಲಿರುವುದು ಪ್ರತಿ. ಸೆಟ್ಟಿಂಗ್ಸ್‌ನಲ್ಲಿ ‘ಡೇಟಾ ಆ್ಯಂಡ್ ಸ್ಟೋರೇಜ್’, ಅದರೊಳಗೆ ‘ಸ್ಟೋರೇಜ್ ಯೂಸೇಜ್’ ತೆರೆದು ಕ್ಯಾಶ್ (ಫೋನಿನಲ್ಲಿ ಉಳಿದ ಆ ಪ್ರತಿಗಳು) ಅಳಿಸಿ. ಚಾನೆಲ್ ನಡೆಸುವವರೇ ತೆಗೆದುಹಾಕದ ಹೊರತು, ಬೇಕಾದ ನೋಟ್ಸನ್ನು ಮತ್ತೆ ಒತ್ತಿದರೆ ಇಳಿಯುತ್ತದೆ. ಅಲ್ಲೇ ‘ಕೀಪ್ ಮೀಡಿಯಾ’ ಅವಧಿಯನ್ನು ಒಂದು ವಾರಕ್ಕೆ ಇಟ್ಟರೆ ಮುಂದೆ ತಾನಾಗಿ ತೆರವಾಗುತ್ತಿರುತ್ತದೆ.

ವಾಟ್ಸಾಪ್ ಹಾಗಲ್ಲ. ಅಲ್ಲಿ ಕಡತ ಉಳಿಯುವುದು ನಿಮ್ಮ ಫೋನಿನಲ್ಲೇ. ಹಳೆಯದನ್ನು ಅಳಿಸಿದರೆ ಕಳಿಸಿದವರನ್ನೇ ಮತ್ತೆ ಕೇಳಬೇಕಾದೀತು. ‘ಸ್ಟೋರೇಜ್ ಆ್ಯಂಡ್ ಡೇಟಾ’ದ ‘ಮ್ಯಾನೇಜ್ ಸ್ಟೋರೇಜ್’ನಲ್ಲಿ 5 ಎಂಬಿಗಿಂತ ದೊಡ್ಡವು, ಪದೇ ಪದೇ ಫಾರ್ವರ್ಡ್ ಆದವು ಬೇರೆಯಾಗಿ ಕಾಣುತ್ತವೆ. ಶುಭೋದಯದ ವಿಡಿಯೊಗಳೆಲ್ಲ ಅಲ್ಲೇ ಸಿಗುತ್ತವೆ, ನಿಶ್ಚಿಂತೆಯಿಂದ ಅಳಿಸಿ. ನೋಟ್ಸನ್ನು ಗೂಗಲ್ ಡ್ರೈವ್‌ಗೆ ಹಾಕುವುದಾದರೆ ಒಂದು ಎಚ್ಚರ: ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಜಿಮೇಲ್, ಫೋಟೊ, ವಾಟ್ಸಾಪ್ ಬ್ಯಾಕಪ್ ಎಲ್ಲವೂ ಸೇರಿ ಲೆಕ್ಕ. ಅದು ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಹಾಲ್‌ಟಿಕೆಟ್ ಬರುವ ಹೊತ್ತಿಗೆ ಆ ಪೇಚು ಬೇಡ.

ಗಿರಾಕಿಗಳು ಲಗ್ನಪತ್ರಿಕೆಯ ಮ್ಯಾಟರ್ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಪೇಜ್‌ಮೇಕರ್‌ಗೆ ಪೇಸ್ಟ್ ಮಾಡಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ನುಡಿ ಫಾಂಟ್ ಕೊಟ್ಟರೂ ಬರುವುದಿಲ್ಲ. ಎಲ್ಲವನ್ನೂ ಮತ್ತೆ ಟೈಪ್ ಮಾಡುತ್ತಿದ್ದೇವೆ.
— ಪ್ರಿಂಟಿಂಗ್ ಪ್ರೆಸ್‌ನವರು, ಗದಗ

ತಪ್ಪು ಫಾಂಟಿನದಲ್ಲ. ಫೋನಿನಲ್ಲಿ ಟೈಪ್ ಆಗುವುದು ಯೂನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ. ಅದರಲ್ಲಿ ಕನ್ನಡಕ್ಕೇ ಮೀಸಲಾದ 128 ಸ್ಥಾನಗಳಿವೆ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದವು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯ ಆವೃತ್ತಿ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಗೊತ್ತಿಲ್ಲದ ಅಕ್ಷರಕ್ಕೆಲ್ಲ ಪ್ರಶ್ನಾರ್ಥಕ ಹಾಕಿಬಿಡುತ್ತದೆ. ಒಮ್ಮೆ ಪ್ರಶ್ನಾರ್ಥಕ ಆದದ್ದಕ್ಕೆ ಯಾವ ಫಾಂಟ್ ಕೊಟ್ಟರೂ ಅಕ್ಷರ ಮರಳಿ ಬಾರದು, ಮೂಲ ಮ್ಯಾಟರಿಗೇ ಹೋಗಬೇಕು.

ಪೇಜ್‌ಮೇಕರ್ ಬಿಡುವುದಿಲ್ಲ ಎನ್ನುವುದಾದರೆ, ಮ್ಯಾಟರನ್ನು ನುಡಿ ತಂತ್ರಾಂಶದ ಪರಿವರ್ತಕದಲ್ಲಿ ಯೂನಿಕೋಡ್‌ನಿಂದ ಆಸ್ಕಿಗೆ (ಹಳೆಯ ಫಾಂಟುಗಳ ಸಂಕೇತಕ್ಕೆ) ಬದಲಿಸಿ, ಆಮೇಲೆ ಪೇಸ್ಟ್ ಮಾಡಿ ನುಡಿ ಫಾಂಟ್ ಕೊಡಿ. ನಡುವೆ ನೋಟ್‌ಪ್ಯಾಡ್‌ನಲ್ಲಿ ಉಳಿಸುವುದಿದ್ದರೆ ಎನ್‌ಕೋಡಿಂಗ್ ‘ಯುಟಿಎಫ್-8’ ಇರಲಿ. ‘ಆನ್ಸಿ’ ಇದ್ದರೆ ಅಲ್ಲೇ ಅಕ್ಷರ ನಾಶವಾಗುತ್ತದೆ. ಶ್ರೀಲಿಪಿ ಎಂಬ ಬೇರೆ ಫಾಂಟ್ ತಂತ್ರಾಂಶ ಬಳಸುವ ಪ್ರೆಸ್‌ಗಳಿಗೆ ಈ ಪರಿವರ್ತಕ ನಡೆಯದು, ಅದರ ಸಂಕೇತಗಳೇ ಬೇರೆ.

ಪರಿವರ್ತನೆ ಆದ ಮೇಲೆ ಪ್ರೂಫ್ ಓದಲೇಬೇಕು. ತಪ್ಪುವ ಜಾಗಗಳು ಹೆಚ್ಚುಕಡಿಮೆ ಅವೇ. ಅರ್ಕಾವೊತ್ತು ಇರುವ ಪದಗಳನ್ನು ನೋಡಿ. ‘ಸಾಫ್ಟ್‌ವೇರ್’ನಂಥ ಪದದ ಒಳಗೆ ಒತ್ತು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಅದು ಚೌಕವೋ ಪ್ರಶ್ನಾರ್ಥಕವೋ ಆಗಿ ಉಳಿಯಬಹುದು, ಕೈಯಿಂದಲೇ ತಿದ್ದಿ. ಇಂಗ್ಲಿಷಿನಲ್ಲಿದ್ದ ಇಮೇಲ್, ವರನ ಡಿಗ್ರಿ ಇವಕ್ಕೂ ನುಡಿ ಫಾಂಟ್ ತಾಗಿ ಅರ್ಥವಿಲ್ಲದ ಕನ್ನಡವಾಗುತ್ತವೆ, ಅಷ್ಟಕ್ಕೆ ಇಂಗ್ಲಿಷ್ ಫಾಂಟ್ ಕೊಡಿ. ಮುಹೂರ್ತದ ವೇಳೆ, ದಿನಾಂಕಗಳ ಅಂಕಿಗಳೂ ಬದಲಾಗಬಹುದು: ನುಡಿ ಫಾಂಟಿನ ಹೆಸರಿನ ಕೊನೆಗೆ ‘ಇ’ ಇದ್ದರೆ ಇಂಗ್ಲಿಷ್ ಅಂಕಿ, ‘ಕೆ’ ಇದ್ದರೆ ಕನ್ನಡ ಅಂಕಿ.

ನಮ್ಮನ್ನು ಕೇಳಿದರೆ ಹೊಸ ಕೆಲಸವನ್ನಾದರೂ ಪುಟ ಜೋಡಿಸುವ ಹೊಸ ತಂತ್ರಾಂಶವಾದ ಇನ್‌ಡಿಸೈನ್‌ಗೆ ಒಯ್ಯಿರಿ. ಅಲ್ಲಿ ಯೂನಿಕೋಡ್ ನೇರವಾಗಿ ಬರುತ್ತದೆ. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಗಾಬರಿ ಬೇಡ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಗಿರಾಕಿಗೆ ಪ್ರೂಫ್ ಕಳಿಸುವಾಗ ಪಿಡಿಎಫ್ ಕಳಿಸಿ. ನಿಮ್ಮ ಫಾಂಟ್ ಅವರ ಫೋನಿನಲ್ಲಿ ಇರುವುದಿಲ್ಲ.

ಫೋನಿಗೆ ಪಿನ್ ಹಾಕಿದರ ಸಡಿಲ ಐತಿ, ಕೈಯಾಗ ಹಿಡಿದರಷ್ಟ ಚಾರ್ಜ್ ಆಗತೈತಿ. ಪೋರ್ಟ್ ಬದಲಿ ಮಾಡಸಬೇಕನ್ರಿ?
— ಹತ್ತಿ ವ್ಯಾಪಾರಿ, ಮುಂಡರಗಿ

ಮೊದಲು ಫೋನ್ ಬಂದ್ ಮಾಡಿ, ಟಾರ್ಚ್ ಬಿಟ್ಟು ಪೋರ್ಟಿನ ತಳ ನೋಡಿ. ಜೇಬಿನ ನೂಲು, ಹತ್ತಿಯ ಎಳೆ ಪಿನ್ ಹಾಕಿದಾಗೆಲ್ಲ ಒಳಗೆ ತಳ್ಳಿಸಿಕೊಂಡು ಗಟ್ಟಿಯಾಗಿರುತ್ತದೆ. ಸಿ-ಟೈಪ್ ಪಿನ್ನಿನ ಲೋಹದ ಭಾಗ ಹೊರಗೆ ಕಾಣುತ್ತಿದ್ದರೆ ಪಿನ್ ಪೂರ್ತಿ ಕೂತಿಲ್ಲ. ಹಲ್ಲುಕಡ್ಡಿಯಿಂದ ಬದಿಬದಿಗೆ ಮೆಲ್ಲಗೆ ಕೆದಕಿ ತೆಗೆಯಿರಿ, ನಡುವಿನ ನಾಲಗೆಗೆ ತಾಗಿಸಬೇಡಿ. ಸೂಜಿ, ಪಿನ್ನು ಖಂಡಿತ ಬೇಡ. ಆಮೇಲೂ ಅಲುಗಾಡಿದರೆ ಬೇರೆ ಕೇಬಲ್ ಹಾಕಿ ನೋಡಿ. ಅದಕ್ಕೂ ಆಗದಿದ್ದರೆ ಮಾತ್ರ ಪೋರ್ಟಿನ ಖರ್ಚು. ಫೋನಿನ ಬೆನ್ನು ಉಬ್ಬಿದ್ದರೆ ಬ್ಯಾಟರಿ ಊದಿದೆ ಎಂದರ್ಥ: ಚಾರ್ಜಿಗೆ ಹಾಕದೆ, ಒತ್ತದೆ, ಅಂದೇ ಅಂಗಡಿಗೆ ಒಯ್ಯಿರಿ.

ಲ್ಯಾಪ್‌ಟಾಪ್‌ನಲ್ಲಿ ನೀಲಿ ಪರದೆ ಬಂದು ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದು ತೋರಿಸಿ ರೀಸ್ಟಾರ್ಟ್ ಆಗುತ್ತದೆ. ಹೋದ ತಿಂಗಳು 4 ಜಿಬಿ ಜೊತೆಗೆ 8 ಜಿಬಿ ರ‍್ಯಾಮ್ ಹಾಕಿಸಿದ್ದೆ. ನೆಟ್‌ನಲ್ಲಿ ಕೇಳಿದರೆ ಒಬ್ಬರು ಫಾರ್ಮ್ಯಾಟ್ ಎನ್ನುತ್ತಾರೆ, ಒಬ್ಬರು ರಿಜಿಸ್ಟ್ರಿ ಕ್ಲೀನರ್ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಕಾಲೇಜು ಉಪನ್ಯಾಸಕರು, ರಾಣೆಬೆನ್ನೂರು

ಪತ್ರದ ಎರಡನೆಯ ವಾಕ್ಯದಲ್ಲೇ ಸುಳಿವು ಕೊಟ್ಟಿದ್ದೀರಿ. ಕೊನೆಗೆ ಬದಲಾದದ್ದು ರ‍್ಯಾಮ್, ಪರದೆ ಹೇಳುತ್ತಿರುವುದೂ ಮೆಮೊರಿ. ಹೊಸದನ್ನು ತೆಗೆದು ಹಳೆಯ 4 ಜಿಬಿ ಒಂದರಲ್ಲೇ ಎರಡು ಮೂರು ದಿನ ನಡೆಸಿ. ನೀಲಿ ಪರದೆ ನಿಂತರೆ, ಹೊಸದೊಂದನ್ನೇ ಹಳೆಯದಿದ್ದ ಸ್ಲಾಟಿಗೆ ಹಾಕಿ ನೋಡಿ. ಆಗ ಮತ್ತೆ ಬಂದರೆ ರ‍್ಯಾಮ್ ಕೆಟ್ಟಿದೆ, ಬಿಲ್ ತೆಗೆದುಕೊಂಡು ವಾರಂಟಿಗೆ ಹೋಗಿ. ಬಾರದಿದ್ದರೆ ಎರಡನೇ ಸ್ಲಾಟೋ ಎರಡರ ಹೊಂದಾಣಿಕೆಯೋ ಸರಿಯಿಲ್ಲ. ಪ್ರತಿ ಸಲ ತೆಗೆಯುವ ಮುಂಚೆ ಚಾರ್ಜರ್ ಕಿತ್ತು, ಒಳಗಿನ ಬ್ಯಾಟರಿಯ ಕನೆಕ್ಟರನ್ನೂ ಬಿಡಿಸಿ. ರ‍್ಯಾಮಿನ ಹೊಂಬಣ್ಣದ ಅಂಚನ್ನು ಮೆತ್ತನೆಯ ಬಿಳಿ ರಬ್ಬರಿನಿಂದ ಉಜ್ಜಿ ಪುಡಿ ಒರೆಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುವುದುಂಟು.

ಬಿಚ್ಚಲು ಮನಸ್ಸಿಲ್ಲದಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಹುಡುಕಿ ನಡೆಸಿ. ತಪ್ಪು ಕಂಡರೆ ಅದನ್ನು ನಂಬಿ. ‘ತಪ್ಪಿಲ್ಲ’ ಎಂದರೆ ಪೂರ್ತಿ ನಂಬಬೇಡಿ, ಒಂದೊಂದೇ ಹಾಕಿ ನೋಡುವುದೇ ಖಚಿತ.

ಫಾರ್ಮ್ಯಾಟ್ ಮಾಡಿದರೆ ಕೆಟ್ಟ ರ‍್ಯಾಮ್ ಸರಿಯಾಗುವುದಿಲ್ಲ, ನಿಮ್ಮ ಕಡತಗಳಷ್ಟೇ ಹೋಗುತ್ತವೆ. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳನ್ನು ಅಳಿಸುವ ರಿಜಿಸ್ಟ್ರಿ ಕ್ಲೀನರಿನಿಂದ ಉಪಯೋಗ ಕಂಡದ್ದು ಕಡಿಮೆ, ಕೆಟ್ಟದ್ದೇ ಹೆಚ್ಚು. ನೆಟ್‌ನಲ್ಲಿ ಸಲಹೆ ಕೊಡುವವರಲ್ಲಿ ‘ಮಾಡೆಲ್ ಯಾವುದು, ಯಾವಾಗಿನಿಂದ’ ಎಂದು ತಿರುಗಿ ಕೇಳುವವರ ಮಾತಿಗೆ ಕಿವಿಗೊಡಿ. ಬಾಯಿ ತೆರೆದೊಡನೆ ಡೌನ್‌ಲೋಡ್ ಲಿಂಕ್ ಕೊಡುವವರನ್ನು ಬಿಡಿ. ಅಂದಹಾಗೆ ವಿಂಡೋಸ್ 11ರ ಹೊಸ ಅಪ್‌ಡೇಟ್‌ಗಳಲ್ಲಿ ಈ ನೀಲಿ ಪರದೆ ಕಪ್ಪಾಗಿದೆ, ಬಣ್ಣ ಬದಲಾಯಿತೆಂದು ಬೇರೆ ರೋಗ ಎಂದುಕೊಳ್ಳಬೇಡಿ.

ಪ್ರಿಂಟ್ ಕೊಟ್ಟರೆ ಬರುವುದಿಲ್ಲ, ಹಳೆಯದನ್ನು ಡಿಲೀಟ್ ಮಾಡಿದರೆ ‘ಡಿಲೀಟಿಂಗ್’ ಎಂದೇ ನಿಂತಿರುತ್ತದೆ.
— ಝೆರಾಕ್ಸ್ ಅಂಗಡಿ, ಹುಬ್ಬಳ್ಳಿ

ಪ್ರಿಂಟರ್ ಬಂದ್ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ ‘ಸರ್ವಿಸಸ್’ ತೆರೆದು ‘ಪ್ರಿಂಟ್ ಸ್ಪೂಲರ್’ (ಪ್ರಿಂಟ್‌ಗಳ ಸರದಿ ನೋಡಿಕೊಳ್ಳುವುದು) ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟಾಪ್’ ಕೊಡಿ. ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಎಂದು ಇಳಿದು, ಕೊನೆಯ ಫೋಲ್ಡರಿನ ಒಳಗಿರುವುದನ್ನು ಮಾತ್ರ ಅಳಿಸಿ, ಫೋಲ್ಡರನ್ನಲ್ಲ. ಸ್ಪೂಲರ್ ಮತ್ತೆ ‘ಸ್ಟಾರ್ಟ್’ ಮಾಡಿ, ಪ್ರಿಂಟರ್ ಹಚ್ಚಿ. ಸರದಿಯಲ್ಲಿದ್ದ ಎಲ್ಲ ಪ್ರಿಂಟೂ ಹೋಗಿರುತ್ತವೆ, ಹೊಸದಾಗಿ ಕೊಡಬೇಕು.

ವಾಟ್ಸಾಪ್ ಗ್ರೂಪಿಗೆ ‘ಪಿಎಂ ಕಿಸಾನ್’ ಹೆಸರಿನ ಫೈಲ್ ಬಂದಿತ್ತು. ಅಪ್ಪ ಒತ್ತಿ ಇನ್‌ಸ್ಟಾಲ್ ಮಾಡಿದ್ದಾರೆ. ಈಗ ಅವರ ನಂಬರಿನಿಂದ ಎಲ್ಲರಿಗೂ ಅದೇ ಫೈಲ್ ಹೋಗುತ್ತಿದೆ. ಆ್ಯಪ್ ಹುಡುಕಿದರೆ ಕಾಣುತ್ತಿಲ್ಲ.
— ರೈತರ ಮಗ, ಸವಣೂರು

ಇದನ್ನು ಓದುವ ಹೊತ್ತಿಗೆ ನೀವು ಏನಾದರೂ ಮಾಡಿರುತ್ತೀರಿ, ಆದರೂ ಕ್ರಮ ಹೇಳುತ್ತೇವೆ, ಬೇರೆಯವರಿಗೂ ಬೇಕು. ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಬಂದ್. ಇಂಥ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿ ಪಡೆದು ಬ್ಯಾಂಕಿನ ಒಟಿಪಿಯನ್ನು ಕಳ್ಳರಿಗೆ ರವಾನಿಸುತ್ತದೆ, ನೆಟ್ ಇಲ್ಲದಿದ್ದರೆ ಆ ದಾರಿ ಕಟ್ಟಾಗುತ್ತದೆ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡ್ ಮೂರನ್ನೂ ತಡೆಹಿಡಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ಗ್ರಾಹಕರ ಅಜಾಗರೂಕತೆಯಿಂದ ಹೋದ ಹಣ ದೂರು ಕೊಡುವವರೆಗೆ ಗ್ರಾಹಕರದೇ ನಷ್ಟ, ದೂರು ಕೊಟ್ಟ ಮೇಲೆ ಹೋದದ್ದು ಬ್ಯಾಂಕಿನ ಹೊಣೆ. ದೂರಿನ ವೇಳೆ ಮುಖ್ಯವಾಗುವುದು ಅದಕ್ಕೇ.

ಆಮೇಲೆ ಫೋನ್. ಇಂಥ ಆ್ಯಪ್‌ಗಳು ಐಕಾನ್ ಅಡಗಿಸಿಕೊಳ್ಳುತ್ತವೆ, ಮೆನುವಿನಲ್ಲಿ ಸಿಗುವುದಿಲ್ಲ. ಪವರ್ ಮೆನುವಿನಲ್ಲಿ ‘ಪವರ್ ಆಫ್’ ಅನ್ನು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಸೇಫ್ ಮೋಡ್ (ಹೊರಗಿನಿಂದ ಹಾಕಿದ ಆ್ಯಪ್‌ಗಳು ನಡೆಯದ ಸ್ಥಿತಿ) ಕೇಳುತ್ತದೆ. ಅದರಲ್ಲಿ ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿ ಪೂರ್ತಿ ನೋಡಿ. ಹೆಸರಿಲ್ಲದ್ದು, ಹೊಸದಾಗಿ ಬಂದದ್ದು ಸಿಗುತ್ತದೆ. ‘ಅನ್‌ಇನ್‌ಸ್ಟಾಲ್’ ಒತ್ತಲು ಬಾರದಿದ್ದರೆ ‘ಡಿವೈಸ್ ಅಡ್ಮಿನ್ ಆ್ಯಪ್ಸ್’ ಮತ್ತು ‘ಆ್ಯಕ್ಸೆಸಿಬಿಲಿಟಿ’ ಎರಡರಲ್ಲೂ ಅದರ ಅನುಮತಿ ತೆಗೆದು ಮತ್ತೆ ಒತ್ತಿ. ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ನಿಮ್ಮದಲ್ಲದ್ದು ಇದ್ದರೆ ಹೊರಹಾಕಿ. ಫೋನ್ ಸೆಟ್ಟಿಂಗ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಗೊತ್ತಿಲ್ಲದ ನಂಬರಿಗೆ ಹೋಗಿದೆಯೇ ನೋಡಿ. ಇಷ್ಟಾದರೂ ಫೋಟೊ, ನಂಬರುಗಳನ್ನು ತೆಗೆದಿಟ್ಟುಕೊಂಡು ಫ್ಯಾಕ್ಟರಿ ರೀಸೆಟ್ ಮಾಡುವುದೇ ಮೇಲು. ಬ್ಯಾಂಕಿನ ಪಾಸ್‌ವರ್ಡ್, ಯುಪಿಐ ಪಿನ್ ಬದಲಿಸುವುದು ರೀಸೆಟ್ ಆದ ಮೇಲೆ, ಮುಂಚೆ ಅಲ್ಲ. ಗ್ರೂಪಿನವರಿಗೆ ಬೇರೆ ನಂಬರಿನಿಂದ ‘ಆ ಫೈಲ್ ಒತ್ತಬೇಡಿ’ ಎಂದು ಇಂದೇ ತಿಳಿಸಿ. ಅಪ್ಪನ ಹೆಸರಿನಿಂದ ಬಂದದ್ದನ್ನು ಊರವರು ನಂಬಿ ಒತ್ತುತ್ತಾರೆ.