ಸಂಜೆ ಐದರ ಚಾ

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಆಫ್‌ಸೆಟ್ ಮಷೀನ್ ನಡೆಸುವವರು, ವಯಸ್ಸು 41, ಸಿಗರೇಟ್ ಬಿಡಲು ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ದಿನಕ್ಕೆ 15 ಸಿಗರೇಟ್ ಸೇದುತ್ತಿದ್ದರು. ಬಿಟ್ಟು 11 ದಿನ ಆಗಿತ್ತು, ಹಿಂದಿನ ಸಂಜೆ ಒಂದು ಸೇದಿಬಿಟ್ಟಿದ್ದರು.

"ಎಲ್ಲಾ ಹಾಳಾತ್ರಿ ಮೇಡಂ. ಇನ್ನ ನನ್ನ ಕೈಲೆ ಆಗೂದಿಲ್ಲ."

ಲೆಕ್ಕ ಹಾಕಿಸಿದೆ. 165 ಆಗಬೇಕಿತ್ತು, ಸೇದಿದ್ದು ಒಂದು. ಆ ಒಂದು ಎಲ್ಲಿ ಆಯ್ತು? ಪ್ರೆಸ್ ಎದುರಿನ ಚಾದಂಗಡಿ, ಸಂಜೆ ಐದು. ಬಾಯಲ್ಲಿ ಮಿರ್ಚಿ ಖಾರ, ಕೈಯಲ್ಲಿ ಚಾ. ಗೆಳೆಯ ಹಚ್ಚಿದ್ದನ್ನೇ ಮುಂದೆ ಹಿಡಿದ.

"ದಿನಕ್ಕೆ ಚಾ ಎಷ್ಟು?"

"ಎಂಟಾಗ್ತಾವ್ರಿ. ಬಿಟ್ಟ ಮ್ಯಾಲೆ ಜಾಸ್ತಿನ ಆಗೈತಿ."

ಎಳೆ ಸಿಕ್ಕಿತು. ಸೇದುವವರ ಮೈಯಲ್ಲಿ ಕೆಫೀನ್ ಬೇಗ ಕರಗುತ್ತದೆ. ಸೇದೋದು ನಿಂತರೆ ಅದೇ ಚಾ ಜಾಸ್ತಿ ಹೊತ್ತು ಉಳಿಯುತ್ತದೆ. ಎದೆ ಡವಡವ, ನಿದ್ದೆಗೇಡು, ಹೆಂಡತಿ ಮೇಲೆ ಸಿಡಿಮಿಡಿ. ಎಲ್ಲವನ್ನೂ ಅವರು ಸಿಗರೇಟಿನ ಲೆಕ್ಕಕ್ಕೇ ಬರೆದಿದ್ದರು. ಚಾ ನಾಲ್ಕಕ್ಕೆ ಇಳಿಸಿ, ಐದರ ಚಾ ಪ್ರೆಸ್ ಒಳಗೇ ತರಿಸಿ ಅಂದೆ.

ಸಿಗರೇಟ್ ಆಸೆ ತಗ್ಗಿಸಲು ಜಗಿಯುವ ನಿಕೋಟಿನ್ ಗಮ್ ತಗೊಂಡಿದ್ದರು, ಆದರೆ ಬಬಲ್‌ಗಮ್ ಥರ ಜಗಿದು ಜೊಲ್ಲು ನುಂಗುತ್ತಿದ್ದರು. ಬಿಕ್ಕಳಿಕೆ, ಎದೆಯುರಿ. ನನ್ನೆದುರೇ ಒಂದು ಜಗಿಸಿದೆ. ಚುರುಚುರು ಅನ್ನುವವರೆಗೆ ನಿಧಾನ ಜಗಿದು ಕೆನ್ನೆಯ ಸಂದಿಯಲ್ಲಿ ಇಡಬೇಕು, ಚುರುಚುರು ಹೋದರೆ ಮತ್ತೆ ಜಗಿಯಬೇಕು. ಅರ್ಧ ಗಂಟೆ ಹೀಗೇ. ಅದಕ್ಕೂ 15 ನಿಮಿಷ ಮೊದಲಿನಿಂದ ಚಾ ಮುಟ್ಟಬಾರದು, ಮುಟ್ಟಿದರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೇ ಮೊದಲನೇದು ಹಚ್ಚುತ್ತಿದ್ದವರು, ಹಾಗಾಗಿ 2 ಮಿಲಿಗ್ರಾಂ ಗಮ್ ಸಾಕಾ, 4 ಬೇಕಾ ಅಂತ ವೈದ್ಯರನ್ನು ಕೇಳಲು ಕಳಿಸಿದೆ.

ಏಳುವಾಗ ತಡೆದರು. "ಇನ್ನೊಂದೈತ್ರಿ, ಹೇಳಾಕ ನಾಚಿಕಿ. ಸೇದದ ಸಂಡಾಸ ಆಗವಲ್ದು." ಇದನ್ನು ಬಹಳ ಗಂಡಸರು ಹೇಳುವುದೇ ಇಲ್ಲ, ಸುಮ್ನೆ ಮತ್ತೆ ಹಚ್ಚುತ್ತಾರೆ. ಸಿಗರೇಟ್ ಬಿಟ್ಟಾಗ ಮಲಬದ್ಧತೆ ಸಹಜ, ಕೆಲವು ವಾರ ಇರುತ್ತದೆ. ಎದ್ದ ಕೂಡಲೇ ಬಿಸಿನೀರು, ಸ್ವಲ್ಪ ಅಡ್ಡಾಡೋದು, ರೊಟ್ಟಿ ಜೊತೆ ಸೊಪ್ಪು-ಕಾಳಿನ ಪಲ್ಯ ಜಾಸ್ತಿ.

ಇನ್ನು ಆಸೆ ಉಕ್ಕುವ ಹೊತ್ತು. ಅದು ಕೆಲವೇ ನಿಮಿಷದ್ದು. ಮಷೀನಿನ ಬ್ಲಾಂಕೆಟ್ (ಶಾಯಿಯನ್ನು ಕಾಗದಕ್ಕೆ ದಾಟಿಸುವ ರಬ್ಬರ್ ಹಾಳೆ) ಒರೆಸಲು ಎಷ್ಟು ಹೊತ್ತು ಬೇಕು ಅಂತ ಕೇಳಿದೆ. ಐದು ನಿಮಿಷ ಅಂದರು. ಹಾಗಾದರೆ ಆಸೆ ಬಂದಾಗ ಒರೆಸಿ. ಕೈಗೂ ಕೆಲಸ ಆಯ್ತಲ್ವಾ? ಆಸೆ ತೀರಾ ಜಾಸ್ತಿ ಅನಿಸಿದರೆ ಫೋನ್ ಮಾಡಿ ಅಂತ ತಂಬಾಕು ಬಿಡುವವರ ಉಚಿತ ಸಹಾಯವಾಣಿ 1800-11-2356 ಕೊಟ್ಟೆ.

ಆರು ವಾರ ಆಯ್ತು. ನಡುವೆ ಒಂದು ಮದುವೆಯಲ್ಲಿ ಎರಡು ದಂ ಎಳೆದರಂತೆ, ಮರುದಿನ ಫೋನ್ ಮಾಡಿ ತಾವೇ ಹೇಳಿದರು. ಮೊನ್ನೆ ಬಂದಾಗ ಅವರ ಚಿಂತೆ ಬೇರೆಯೇ ಇತ್ತು.

"ಚಾದಂಗಡ್ಯಾವ ಕೇಳಾಕತ್ಯಾನ್ರಿ, ನನ್ನ ಮ್ಯಾಲೆ ಸಿಟ್ಟಾಗೀರೇನ್ರಿ ಅಂತ."