ಹೊಗೆ ತಾನಾಗಿ ‘ಎಮಿಟ್’ ಮಾಡುವುದಿಲ್ಲ

ಪ್ರಶ್ನೆ: ‘ಸ್ಮೋಕ್ ಈಸ್ ಎಮಿಟಿಂಗ್ ಫ್ರಮ್ ದ ಚಿಮ್ನಿ’ ಎಂದು ಬರೆದಿದ್ದೆ. ತಿದ್ದಿದವರು ‘ಎಮಿಟಿಂಗ್’ ಕೆಳಗೆ ಗೆರೆ ಎಳೆದಿದ್ದಾರೆ. ತಪ್ಪೇನು? ಎಮಿಟ್ ಬದಲು ಬೇರೆ ಯಾವ ಪದಗಳಿವೆ?

ಉತ್ತರ: ಗೆರೆ ಎಳೆದದ್ದು ಸರಿ. ಎಮಿಟ್ ಸಕರ್ಮಕ ಕ್ರಿಯಾಪದ. ಹೊರಬಿಡುವುದು ಕರ್ತೃ, ಹೊರಬರುವುದು ಕರ್ಮ. ಆದ್ದರಿಂದ ‘ದ ಚಿಮ್ನಿ ಈಸ್ ಎಮಿಟಿಂಗ್ ಸ್ಮೋಕ್’ ಎನ್ನಬೇಕು. ‘ಚಿಮಣಿಯಿಂದ ಹೊಗೆ ಬರುತ್ತಿದೆ’ ಎಂದು ಕನ್ನಡದಲ್ಲಿ ಯೋಚಿಸಿ, ‘ಬರುತ್ತಿದೆ’ ಇದ್ದ ಜಾಗದಲ್ಲಿ ಎಮಿಟ್ ಕೂರಿಸಿದರೆ ಆಗುವ ಎಡವಟ್ಟು ಇದು. ನಮ್ಮಲ್ಲಿ ‘ಹೊಮ್ಮು’ ಬೇರೆ, ‘ಹೊಮ್ಮಿಸು’ ಬೇರೆ. ಎಮಿಟ್ ಎಂದರೆ ಹೊಮ್ಮಿಸು ಮಾತ್ರ. ಹೊಗೆಯಿಂದಲೇ ವಾಕ್ಯ ಶುರುವಾಗಬೇಕಿದ್ದರೆ ‘ಕಮಿಂಗ್ ಔಟ್ ಆಫ್’ ಸಾಕು. ‘ಎಮನೇಟ್ ಫ್ರಮ್’ ಕೂಡ ವ್ಯಾಕರಣಕ್ಕೆ ಒಗ್ಗುತ್ತದೆ, ಆದರೆ ಗ್ರಾಂಥಿಕ.

ಇನ್ನು ಸಮಾನಾರ್ಥಕಗಳು. ಬೆಳಕು, ಶಾಖ, ಅನಿಲ, ಸದ್ದು ಇವು ಎಮಿಟ್‌ನ ಸ್ವಂತ ಕ್ಷೇತ್ರ. ಆಡುಮಾತಿನಲ್ಲಿ, ವಾಸನೆಯ ವಿಷಯದಲ್ಲಂತೂ, ‘ಗಿವ್ ಆಫ್’ ಸಲೀಸು. ಸರ್ವನಾಮ ಬಂದರೆ ಅದನ್ನು ನಡುವೆ ಇಡಬೇಕು: ‘ಗಿವ್ಸ್ ಇಟ್ ಆಫ್’. ಕೊಳಚೆ ನೀರನ್ನು ಹೊರಬಿಡುವುದಕ್ಕೆ ‘ಡಿಸ್ಚಾರ್ಜ್’. ಗ್ರಂಥಿಗಳು ಹಾರ್ಮೋನು ಸ್ರವಿಸುವುದಕ್ಕೆ ‘ಸೀಕ್ರೀಟ್’. ಅಲ್ಲಿ ಎಮಿಟ್ ಹಾಕಿದರೆ ತಪ್ಪೇ. ಅಂಟು, ಬೆವರು ಮೆಲ್ಲಗೆ ಜಿನುಗಿದರೆ ‘ಎಕ್ಸ್ಯೂಡ್’. ಆತ್ಮವಿಶ್ವಾಸ ತುಳುಕುವ ವ್ಯಕ್ತಿಗೂ ಇದೇ ಪದ: ‘ಶಿ ಎಕ್ಸ್ಯೂಡ್ಸ್ ಕಾನ್ಫಿಡೆನ್ಸ್’. ಮಗು ಕಿರುಚಿದಾಗ ‘ಎಮಿಟೆಡ್ ಎ ಸ್ಕ್ರೀಮ್’ ಎಂದರೆ ವರದಿ ಓದಿದಂತಿರುತ್ತದೆ. ‘ಲೆಟ್ ಔಟ್ ಎ ಸ್ಕ್ರೀಮ್’ ಸಹಜ.

ಕನ್ನಡಕ್ಕೆ ತರುವಾಗ ಎಲ್ಲಕ್ಕೂ ‘ಹೊರಸೂಸು’ ಎಂದು ಮುದ್ರೆ ಒತ್ತಬೇಡಿ. ಹೂವು ಕಂಪು ಬೀರುತ್ತದೆ, ಜ್ವಾಲಾಮುಖಿ ಲಾವಾ ಉಗುಳುತ್ತದೆ, ವಾಹನ ಹೊಗೆ ಕಾರುತ್ತದೆ. ಕೊಳೆತ ಮೊಟ್ಟೆಯಂತೂ ಸುಮ್ಮನೆ ನಾರುತ್ತದೆ. ಆ ಒಂದೇ ಪದದಲ್ಲಿ ವಾಸನೆಯೂ ಕ್ರಿಯೆಯೂ ಸೇರಿಕೊಂಡಿವೆ.

ಪ್ರಶ್ನೆ: ‘ಎಮಿಟೆಡ್’ನಲ್ಲಿ ಎರಡು ‘ಟಿ’, ‘ವಾಮಿಟೆಡ್’ನಲ್ಲಿ ಒಂದೇ. ಯಾಕೆ ಹೀಗೆ?

ಉತ್ತರ: ಉಚ್ಚಾರದ ಒತ್ತು ಎಲ್ಲಿ ಬೀಳುತ್ತದೆ ನೋಡಿ. ಎಮಿಟ್‌ನಲ್ಲಿ ಕೊನೆಯ ‘ಮಿಟ್’ ಮೇಲೆ, ವಾಮಿಟ್‌ನಲ್ಲಿ ಮೊದಲ ‘ವಾ’ ಮೇಲೆ. ಹೀಗೆ ಒಂದೇ ಸ್ವರಾಕ್ಷರ, ಒಂದೇ ವ್ಯಂಜನಾಕ್ಷರದಲ್ಲಿ ಮುಗಿಯುವ ಪದಕ್ಕೆ ಒತ್ತು ಕೊನೆಯಲ್ಲಿದ್ದರೆ, ‘ಎಡ್’, ‘ಇಂಗ್’ ಸೇರುವಾಗ ವ್ಯಂಜನ ಇಮ್ಮಡಿಯಾಗುತ್ತದೆ. ಒಮಿಟ್, ಅಡ್ಮಿಟ್, ಸಬ್ಮಿಟ್ ಎಮಿಟ್‌ನ ಸಾಲಿಗೆ ಸೇರುತ್ತವೆ. ಲಿಮಿಟ್ ವಾಮಿಟ್‌ನ ಸಾಲಿಗೆ. ಒಮಿಟ್ ಎಂದರೆ ಬಿಟ್ಟುಬಿಡು, ಎಮಿಟ್ ಎಂದರೆ ಹೊರಬಿಡು. ಕೈತಪ್ಪಿ ಮೊದಲಕ್ಷರ ಬದಲಾದರೆ ಸ್ಪೆಲ್ಲಿಂಗ್ ಪರೀಕ್ಷಕ ತಂತ್ರಾಂಶವೂ ಸುಮ್ಮನಿದ್ದುಬಿಡಬಹುದು, ಏಕೆಂದರೆ ಎರಡೂ ಸರಿಯಾದ ಪದಗಳೇ.

ಪ್ರಶ್ನೆ: ‘ದ ಮೂನ್ ಎಮಿಟ್ಸ್ ಲೈಟ್’ ಎಂದರೆ ತಪ್ಪೆ?

ಉತ್ತರ: ಬೆಳದಿಂಗಳ ಅರ್ಥದಲ್ಲಿ ತಪ್ಪು. ಅದು ಸೂರ್ಯನ ಬೆಳಕಿನ ಪ್ರತಿಫಲನ, ಆದ್ದರಿಂದ ‘ರಿಫ್ಲೆಕ್ಟ್ಸ್’. ಬೆಳಕನ್ನು ತಾನೇ ಉಂಟುಮಾಡಿ ಹೊರಬಿಟ್ಟರೆ ಮಾತ್ರ ಎಮಿಟ್. ಎಲ್‌ಇಡಿಯ ನಡುವಿನ ‘ಇ’ ಅಕ್ಷರ ‘ಎಮಿಟಿಂಗ್’ ಆಗಿರುವುದು ಇದಕ್ಕೇ. ತಮಾಷೆ ಎಂದರೆ, ಚಂದ್ರನ ಮೇಲ್ಮೈ ಬಿಸಿಲಿಗೆ ಕಾದು ಅವಕೆಂಪು ಕಿರಣಗಳನ್ನು ನಿಜವಾಗಿಯೂ ಎಮಿಟ್ ಮಾಡುತ್ತದೆ. ಅದು ನಮ್ಮ ಕಣ್ಣಿಗೆ ಕಾಣುವ ಬೆಳಕಲ್ಲ, ಅಷ್ಟೆ.