ಮಗುವನ್ನು ನೋಡಿ, ಥರ್ಮಾಮೀಟರನ್ನಲ್ಲ

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಈಗ ಹದಿನೈದು ತಿಂಗಳು. ಆರು ವಾರದ ಹಿಂದೆ ಅವನಿಗೆ ಜ್ವರ ಬಂದಿತ್ತು. ನಾನು ಸ್ನಾನಕ್ಕೆ ಹೋಗಿದ್ದೆ. ಅತ್ತೆ ಕಿರುಚಿದ್ದು ಕೇಳಿ ಓಡಿ ಬಂದರೆ ಮಗು ಕಣ್ಣು ಮೇಲೆ ಮಾಡಿಕೊಂಡು, ಕೈಕಾಲು ಸೆಟೆದು ಅದುರುತ್ತಿತ್ತು, ತುಟಿ ನೀಲಿಯಾಗಿತ್ತು. ಅತ್ತೆ ಬಾಯಿಗೆ ಚಮಚ ತುರುಕಲು ನೋಡುತ್ತಿದ್ದರು. ಸುಮಾರು ಎರಡು ನಿಮಿಷಕ್ಕೆ ನಿಂತಿತು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ‘ಜ್ವರಕ್ಕೆ ಬಂದ ಫಿಟ್ಸ್, ಹೆದರಬೇಡಿ’ ಎಂದು ಮರುದಿನ ಕಳಿಸಿದರು. ಮೂರು ದಿನಕ್ಕೆ ಜ್ವರ ಬಿಟ್ಟು ಮೈತುಂಬ ಗುಲಾಬಿ ದದ್ದು ಎದ್ದಿತು, ಆಮೇಲೆ ಅದೂ ಹೋಯಿತು.

ಅಂದಿನಿಂದ ನನಗೆ ನಿದ್ದೆಯಿಲ್ಲ. ಗಂಟೆಗೊಮ್ಮೆ ಎದ್ದು ಜ್ವರ ನೋಡುತ್ತೇನೆ. 99 ತೋರಿಸಿದರೂ ಔಷಧಿ ಹಾಕುತ್ತೇನೆ. ಲಸಿಕೆ ಹಾಕಿಸಿದರೆ ಜ್ವರ ಬರುತ್ತದೆಂದು ಅದನ್ನೂ ಮುಂದೂಡಿದ್ದೇನೆ. ‘ಮೊದಲೇ ಔಷಧಿ ಹಾಕಿದ್ದರೆ ಹೀಗಾಗ್ತಿರಲಿಲ್ಲ, ಇವರಪ್ಪನಿಗೂ ಚಿಕ್ಕಂದಿನಲ್ಲಿ ಎರಡು ಸಲ ಹೀಗಾಗಿತ್ತು’ ಎಂದು ಅತ್ತೆ ಹೇಳುತ್ತಲೇ ಇರುತ್ತಾರೆ. ಯಜಮಾನರು ಅಂದು ಊರಿನಲ್ಲಿರಲಿಲ್ಲ. ನನ್ನದು ಅತಿಯಾಯಿತು ಎನ್ನುತ್ತಾರೆ. ಭಾವನವರು ತಲೆಯ ಸ್ಕ್ಯಾನ್ ಮಾಡಿಸಿ ಎನ್ನುತ್ತಾರೆ. ಮುಂದಿನ ತಿಂಗಳು ಕೆಲಸಕ್ಕೆ ಮರಳಬೇಕು, ಮಗುವನ್ನು ಅತ್ತೆಯ ಕೈಯಲ್ಲಿ ಬಿಡಬೇಕು. ಕೆಲಸ ಬಿಟ್ಟುಬಿಡಲೇ? ಇನ್ನೊಂದು ಮಾತು. ಆ ಎರಡು ನಿಮಿಷ ಅವನು ಒಳಗೊಳಗೇ ನನ್ನನ್ನು ಕರೆಯುತ್ತಿದ್ದನೇ?

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಸ್ನಾನಕ್ಕೆ ಹೋಗಿದ್ದೆ’ ಎಂಬ ಮಾತನ್ನು ಯಾರೂ ಕೇಳದೆಯೇ ಬರೆದಿದ್ದೀರಿ. ಆರು ವಾರದಿಂದ ನಿಮ್ಮನ್ನು ಕೊರೆಯುತ್ತಿರುವುದು ಅದೇ. ಬೇಗ ಬಂದಿದ್ದರೆ, ಅರ್ಧ ಗಂಟೆ ಮೊದಲು ಔಷಧಿ ಹಾಕಿದ್ದರೆ ತಪ್ಪುತ್ತಿತ್ತು ಎಂದು ನೀವು ನಂಬಿದ್ದೀರಿ. ಅತ್ತೆಯೂ ಅದನ್ನೇ ಹೇಳುತ್ತಿದ್ದಾರೆ. ಇಬ್ಬರ ನಂಬಿಕೆಯೂ ತಪ್ಪು.

ಪ್ಯಾರಾಸಿಟಮಾಲ್ ಮಗುವಿನ ಮೈನೋವು, ಕಿರಿಕಿರಿ ಕಡಿಮೆ ಮಾಡುತ್ತದೆ. ಸೆಳವನ್ನು, ಅಂದರೆ ಫಿಟ್ಸನ್ನು, ಅದು ತಡೆಯುವುದಿಲ್ಲ. ಹೊತ್ತಿಗೆ ಸರಿಯಾಗಿ ಔಷಧಿ ಕೊಟ್ಟ ಮಕ್ಕಳಲ್ಲೂ, ಕೊಡದ ಮಕ್ಕಳಲ್ಲೂ ಸೆಳವು ಬಂದಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2008ರ ಮಾರ್ಗಸೂಚಿಯಲ್ಲೇ ಇದನ್ನು ಹೇಳಿಬಿಟ್ಟಿದೆ. ಎಷ್ಟೋ ಮಕ್ಕಳಿಗೆ ಜ್ವರ ಏರುವ ಹೊತ್ತಿನಲ್ಲೇ, ಮನೆಯವರಿಗೆ ಮೈ ಬಿಸಿಯಾಗಿರುವುದು ಗೊತ್ತಾಗುವ ಮೊದಲೇ ಸೆಳವು ಬಂದುಬಿಡುತ್ತದೆ. ನೀವು ಪಕ್ಕದಲ್ಲೇ ಕೂತಿದ್ದರೂ ಅದು ಬರುತ್ತಿತ್ತು.

ಹಾಗಾದರೆ ಬಂದದ್ದು ಯಾಕೆ? ಅತ್ತೆಯ ಮಾತಿನ ಎರಡನೇ ಅರ್ಧದಲ್ಲೇ ಉತ್ತರವಿದೆ, ನೀವಿಬ್ಬರೂ ಗಮನಿಸಿಲ್ಲ ಅಷ್ಟೇ: ‘ಇವರಪ್ಪನಿಗೂ ಹೀಗಾಗಿತ್ತು.’ ಜ್ವರದ ಸೆಳವು ಕುಟುಂಬದಲ್ಲಿ ಹರಿದು ಬರುವ ಗುಣ. ಆರು ತಿಂಗಳಿನಿಂದ ಐದು ವರ್ಷದವರೆಗೆ ಕೆಲವು ಮಕ್ಕಳ ಮಿದುಳು ಜ್ವರಕ್ಕೆ ಹೀಗೆ ಪ್ರತಿಕ್ರಿಯಿಸುತ್ತದೆ. ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಒಮ್ಮೆಯಾದರೂ ಆಗುತ್ತದೆ. ಒಂದರಿಂದ ಒಂದೂವರೆ ವರ್ಷದ ನಡುವೆ ಅದು ಹೆಚ್ಚು. ನಿಮ್ಮ ಮಗ ಸರಿಯಾಗಿ ಆ ವಯಸ್ಸಿನಲ್ಲಿದ್ದಾನೆ. ಜ್ವರ ಬಿಟ್ಟ ಮೇಲೆ ಎದ್ದ ಗುಲಾಬಿ ದದ್ದನ್ನು ನೋಡಿದರೆ ಅವನಿಗೆ ಬಂದದ್ದು ರೋಸಿಯೋಲಾ ಇರಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಬರುವ ಮಾಮೂಲಿ ವೈರಸ್ ಸೋಂಕು ಅದು. ಮೂರ್ನಾಲ್ಕು ದಿನ ಜೋರು ಜ್ವರ, ಅದು ಇಳಿದ ಕೂಡಲೇ ದದ್ದು. ಜ್ವರದ ಸೆಳವಿಗೆ ಹೆಸರಾದ ಕಾಯಿಲೆ. ಅವರಪ್ಪನ ವಿಷಯವನ್ನು ಡಾಕ್ಟರಿಗೆ ತಿಳಿಸಿದ್ದೀರೋ ಇಲ್ಲವೋ ಬರೆದಿಲ್ಲ. ತಿಳಿಸಿ. ಚಿಕ್ಕಂದಿನಲ್ಲಿ ಎರಡು ಸಲ ಫಿಟ್ಸ್ ಬಂದವರು ಇಂದು ನಿಮ್ಮೊಡನೆ ಸಂಸಾರ ಮಾಡಿಕೊಂಡು, ನಿಮ್ಮದೇ ಅತಿಯಾಯಿತು ಎಂದು ವಾದ ಮಾಡುವಷ್ಟು ಗಟ್ಟಿಯಾಗಿದ್ದಾರಲ್ಲ!

ಮತ್ತೆ ಬರುವುದೇ ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ವರ್ಷ ತುಂಬಿದ ಮೇಲೆ ಮೊದಲ ಸೆಳವು ಕಂಡ ಮಕ್ಕಳಲ್ಲಿ ಮೂರರಲ್ಲಿ ಒಬ್ಬರಿಗೆ ಇನ್ನೊಮ್ಮೆ ಬರುತ್ತದೆ. ತಂದೆಗೂ ಇತ್ತೆಂದರೆ ಸಾಧ್ಯತೆ ಇನ್ನೂ ಸ್ವಲ್ಪ ಹೆಚ್ಚು. ಆದರೆ ಹದಿನೈದು ನಿಮಿಷಕ್ಕಿಂತ ಕಡಿಮೆ ಹೊತ್ತು, ಇಡೀ ಮೈಗೆ, ದಿನಕ್ಕೆ ಒಂದೇ ಸಲ ಬರುವ ಇಂಥ ಸೆಳವಿನಿಂದ ಮಿದುಳಿಗೆ ಪೆಟ್ಟಾಗುವುದಿಲ್ಲ, ಬುದ್ಧಿ ಕುಂದುವುದಿಲ್ಲ. ಮುಂದೆ ಮೂರ್ಛೆರೋಗ ಬರುವ ಸಾಧ್ಯತೆ ನೂರಕ್ಕೆ ಒಂದೆರಡು, ಉಳಿದ ಮಕ್ಕಳಿಗಿಂತ ಬಹಳ ಬೇರೆಯೇನಲ್ಲ. ಭಾವನವರಿಗೂ ಇದನ್ನು ಓದಿಸಿ. ಬೆಳವಣಿಗೆ ಸರಿಯಿದ್ದು, ಸೆಳವಿನ ನಂತರ ಮೊದಲಿನಂತೆ ಆಡುತ್ತಿರುವ ಮಗುವಿಗೆ ಸ್ಕ್ಯಾನ್ ಆಗಲಿ, ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಆಗಲಿ ವಾಡಿಕೆಯಾಗಿ ಬೇಕಿಲ್ಲ. ಅದೇ ಅಕಾಡೆಮಿಯ 2011ರ ಮಾರ್ಗಸೂಚಿ ಹೇಳುವುದೂ ಅದನ್ನೇ.

ಈಗ ನಿಮ್ಮನ್ನು ಸ್ವಲ್ಪ ಗದರಿಸಬೇಕು. 99 ಡಿಗ್ರಿ ಫ್ಯಾರನ್‌ಹೀಟ್ ಜ್ವರವೇ ಅಲ್ಲ. ಅತ್ತ ಮೇಲೆ, ಹೊದಿಕೆಯೊಳಗೆ ಮಲಗಿದಾಗ, ಸಂಜೆಯ ಹೊತ್ತಿಗೆ ಮೈ ಅಷ್ಟು ಬಿಸಿಯಾಗುವುದು ಸಹಜ. 100.4, ಅಂದರೆ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜ್ವರ. ಆಗಲೂ ಮಗು ಆಡಿಕೊಂಡು, ಕುಡಿದುಕೊಂಡು ಇದ್ದರೆ ಔಷಧಿ ಕಡ್ಡಾಯವಲ್ಲ. ನಿದ್ದೆ ಮಾಡುತ್ತಿರುವ ಮಗುವನ್ನು ಎಬ್ಬಿಸಿ ಹಾಕುವುದಂತೂ ಬೇಡವೇ ಬೇಡ. ನನಗೆ ಸೆಳವಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ನಿಮ್ಮ ಈ ಔಷಧಿಯ ಸಾಲು. ಪ್ಯಾರಾಸಿಟಮಾಲ್ ಮಿತಿಮೀರಿದರೆ ಯಕೃತ್ತು ಕೆಡುತ್ತದೆ. ಒಂದು ಸಲಕ್ಕೆ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಇದ್ದರೆ 100ರಿಂದ 150. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರವಿರಲಿ, 24 ಗಂಟೆಯಲ್ಲಿ ನಾಲ್ಕು ಸಲ ದಾಟದಿರಲಿ. ಡ್ರಾಪ್ಸ್‌ನಲ್ಲಿ ಔಷಧಿ ಗಟ್ಟಿಯಾಗಿರುತ್ತದೆ, ಸಿರಪ್‌ನಲ್ಲಿ ತೆಳು. ಒಂದರ ಅಳತೆಯಲ್ಲಿ ಇನ್ನೊಂದನ್ನು ಹಾಕಿ ಎಡವಟ್ಟಾಗುವುದುಂಟು, ಬಾಟಲಿಯ ಮೇಲೆ ಎಷ್ಟು ಮಿಲಿಗೆ ಎಷ್ಟು ಮಿಲಿಗ್ರಾಂ ಎಂದು ಓದಿಯೇ ಹಾಕಿ. ಕೆಲವು ನೆಗಡಿಯ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ಕೊಟ್ಟರೆ ಲೆಕ್ಕ ದುಪ್ಪಟ್ಟಾಗುತ್ತದೆ. ಆಸ್ಪಿರಿನ್ ಮಕ್ಕಳಿಗೆ ಕೊಡಬಾರದು. ತಣ್ಣೀರಿನಲ್ಲಿ ಮೈ ಒರೆಸಿದರೆ ಮಗು ನಡುಗುತ್ತದೆ, ನಡುಕದಿಂದ ಒಳಗಿನ ಬಿಸಿ ಇನ್ನೂ ಏರುತ್ತದೆ. ತೆಳು ಬಟ್ಟೆ, ಕುಡಿಯಲು ಆಗಾಗ ಏನಾದರೂ, ಇಷ್ಟು ಸಾಕು.

ಅಂಕಿ 102 ಇದೆಯೋ 103 ಇದೆಯೋ ಎಂಬುದರಿಂದ ಕಾಯಿಲೆ ಎಷ್ಟು ಗಂಭೀರ ಎಂದು ತಿಳಿಯುವುದು ಕಷ್ಟ. ಅವನ ಮುಖ, ಎದೆ, ಡೈಪರ್ ನೋಡಿ. ಕರೆದರೆ ತಿರುಗಿ ನೋಡುತ್ತಾನೆಯೇ? ಔಷಧಿ ಹಿಡಿದು ಜ್ವರ ಇಳಿದಾಗ ಒಂದು ಸಲವಾದರೂ ಆಟಕ್ಕೆ ಕೈ ಚಾಚುತ್ತಾನೆಯೇ? ಅವನು ಶಾಂತವಾಗಿದ್ದಾಗ ಅಂಗಿ ಎತ್ತಿ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಅವನ ವಯಸ್ಸಿಗೆ ನಿಮಿಷಕ್ಕೆ 40 ಅಥವಾ ಹೆಚ್ಚಿದ್ದರೆ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಎಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ, ಎಬ್ಬಿಸಿದರೂ ಏಳದೆ ಜೋತುಬಿದ್ದರೆ, ಕುತ್ತಿಗೆ ಬಿಗಿದಿದ್ದರೆ, ಗಾಜಿನ ಲೋಟ ಒತ್ತಿ ಹಿಡಿದರೂ ಮಾಸದ ಕೆಂಪು ಚುಕ್ಕೆಗಳು ಕಂಡರೆ, ರಾತ್ರಿಯಾದರೂ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ. ಜ್ವರ ಐದು ದಿನ ದಾಟಿದರೂ ತೋರಿಸಬೇಕು. (ಈ ಅಂಕಣ ಓದುತ್ತಿರುವವರ ಮನೆಯಲ್ಲಿ ಮೂರು ತಿಂಗಳೊಳಗಿನ ಕೂಸಿದ್ದರೆ ಲೆಕ್ಕ ಬೇರೆ. 100.4 ಮುಟ್ಟಿದರೆ ಬೇರೇನೂ ನೋಡದೆ ಡಾಕ್ಟರ ಬಳಿಗೆ.)

ನಿದ್ದೆಯಲ್ಲಿ ಅವನು ಬೆಚ್ಚಿ ಕೈ ಕೊಡವಿದರೆ ನಿಮ್ಮ ಎದೆ ಝಲ್ಲೆನ್ನುತ್ತಿರಬೇಕು. ಆ ಕೈಯನ್ನು ಮೆಲ್ಲಗೆ ಹಿಡಿದು ನೋಡಿ. ಬೆಚ್ಚಿದ್ದಾದರೆ ನಿಲ್ಲುತ್ತದೆ, ಸೆಳವಾದರೆ ಹಿಡಿದರೂ ನಿಲ್ಲುವುದಿಲ್ಲ. ಚಳಿಜ್ವರದ ನಡುಕದಲ್ಲಿ ಮಗು ಎಚ್ಚರವಿದ್ದು ನಿಮ್ಮನ್ನು ನೋಡುತ್ತದೆ. ಸೆಳವಿನಲ್ಲಿ ಆ ನೋಟವಿರುವುದಿಲ್ಲ.

ಅತ್ತೆಯ ವಿಷಯಕ್ಕೆ ಬರೋಣ. ಚಮಚ ತುರುಕುವುದು ತಪ್ಪು, ಸಂಶಯವಿಲ್ಲ. ಹಲ್ಲು ಮುರಿಯಬಹುದು, ಉಸಿರು ಕಟ್ಟಬಹುದು. ನಾಲಿಗೆ ನುಂಗಿಕೊಳ್ಳುವುದು ಎಂಬುದೇ ಇಲ್ಲ. ಆದರೆ ಆ ಹೊತ್ತಿನಲ್ಲಿ ಅವರು ಮಗುವನ್ನು ಬಿಟ್ಟು ಓಡಲಿಲ್ಲ, ತಮಗೆ ಗೊತ್ತಿದ್ದದ್ದನ್ನು ಮಾಡಲು ಹೋದರು. ಹೊಸದನ್ನು ಕಲಿಸಿದರೆ ಅದನ್ನೂ ಮಾಡುತ್ತಾರೆ. ಕಲಿಸುವವರು ನೀವಾಗಬೇಡಿ, ಈಗಿನ ಮನಸ್ಥಿತಿಯಲ್ಲಿ ಅದು ಜಗಳವಾಗುತ್ತದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಅವರ ಮಗ, ಅಂದರೆ ನಿಮ್ಮ ಯಜಮಾನರೂ ಜೊತೆಗಿರಲಿ. ಡಾಕ್ಟರ ಬಾಯಿಂದಲೇ ಕೇಳಲಿ. ಮಗುವನ್ನು ನೆಲದ ಮೇಲೆ ಪಕ್ಕಕ್ಕೆ ಮಲಗಿಸುವುದು, ಬಾಯಿಗೆ ಏನೂ ಹಾಕದಿರುವುದು, ಕೈಕಾಲು ಅದುಮಿ ಹಿಡಿಯದಿರುವುದು, ಗಡಿಯಾರ ನೋಡುವುದು. ಐದು ನಿಮಿಷಕ್ಕೆ ನಿಲ್ಲದಿದ್ದರೆ ಆಂಬುಲೆನ್ಸ್. ಮೈಯ ಒಂದೇ ಪಕ್ಕಕ್ಕೆ ಬಂದರೆ, ಒಂದೇ ದಿನದಲ್ಲಿ ಎರಡನೇ ಸಲ ಬಂದರೆ, ನಿಂತು ಗಂಟೆಯಾದರೂ ಸರಿಯಾಗಿ ಎಚ್ಚರವಾಗದಿದ್ದರೆ ನೇರ ಆಸ್ಪತ್ರೆಗೆ. ಮನೆಗೆ ಬಂದು ತಲೆದಿಂಬನ್ನೇ ಮಗುವೆಂದುಕೊಂಡು ಮೂವರೂ ಒಂದೊಂದು ಸಲ ಮಾಡಿ ನೋಡಿ. ನಗು ಬರಬಹುದು, ಬರಲಿ. ಆ ಮನೆಯಲ್ಲಿ ಈ ವಿಷಯಕ್ಕೆ ಯಾರೂ ನಕ್ಕು ಎಷ್ಟು ದಿನವಾಯಿತೋ.

ಲಸಿಕೆ ಮುಂದೂಡಬೇಡಿ. ದಡಾರದ ಲಸಿಕೆ ಹಾಕಿಸಿದ ಒಂದೆರಡು ವಾರದಲ್ಲಿ ಕೆಲವರಿಗೆ ಜ್ವರ ಬರುವುದು ನಿಜ. ಮೂರು-ನಾಲ್ಕು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಆ ಜ್ವರದಲ್ಲಿ ಸೆಳವೂ ಬರಬಹುದು. ದಡಾರವೇ ಬಂದರೆ ಜ್ವರ ಅದಕ್ಕಿಂತ ಎಷ್ಟೋ ಜೋರು, ನ್ಯುಮೋನಿಯಾ, ಮಿದುಳಿನ ಉರಿಯೂತದ ಭಯ ಬೇರೆ. ಹಿಂದೆ ಸೆಳವು ಬಂದಿತ್ತೆಂದು ಡಾಕ್ಟರಿಗೆ ಹೇಳಿ ಹಾಕಿಸಿ.

ಯಜಮಾನರ ಬಗ್ಗೆ ನಿಮಗೆ ಕೋಪವಿದೆ. ಅವರು ಮಗುವನ್ನು ಕಂಡದ್ದು ನಗುತ್ತಿದ್ದಾಗ, ನೀವು ಕಂಡದ್ದು ನೀಲಿಯಾಗಿದ್ದಾಗ. ಮೊದಲ ಸಲ ಸೆಳವು ನೋಡಿದ ಎಷ್ಟೋ ತಾಯ್ತಂದೆಯರಿಗೆ ಮಗು ಹೋಯಿತು ಎಂದೇ ಅನಿಸುತ್ತದೆ. ನಿಮಗೂ ಅನಿಸಿರಬೇಕು, ಅದನ್ನು ನೀವು ಅವರಿಗೆ ಆ ಮಾತಿನಲ್ಲಿ ಹೇಳಿರಲಿಕ್ಕಿಲ್ಲ. ಒಂದು ಸಂಜೆ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿ, ಸಮಾಧಾನ ಮಾಡಲು ಬರಬೇಡಿ, ಬರೀ ಕೇಳಿ ಎಂದು ಮೊದಲೇ ತಿಳಿಸಿ. ಆಮೇಲೆ ಥರ್ಮಾಮೀಟರನ್ನು ಅವರ ಕೈಗೆ ಕೊಡಿ. ಮಗುವಿಗೆ ಹುಷಾರಿಲ್ಲದ ರಾತ್ರಿ ಅರ್ಧ ಅವರದು, ಅರ್ಧ ನಿಮ್ಮದು. ಹುಷಾರಿರುವ ರಾತ್ರಿ ಅದು ಕಪಾಟಿನಲ್ಲೇ ಇರಲಿ. ಎರಡು-ಮೂರು ವಾರ ಹೀಗೆ ಮಾಡಿಯೂ ನಿದ್ದೆ ಬರದಿದ್ದರೆ, ಆ ದೃಶ್ಯ ಕಣ್ಣಮುಂದೆ ಮತ್ತೆ ಮತ್ತೆ ಬರುತ್ತಿದ್ದರೆ, ನಿಮಗಾಗಿ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ನೋಡಿ. ಇಂಥ ಆಘಾತಕ್ಕೆ ಚಿಕಿತ್ಸೆಯಿದೆ.

ಕೆಲಸ ಬಿಡುವ ಮಾತು? ಈಗ ಬೇಡ. ನಿಮಗೆ ಮನೆಯಲ್ಲೇ ಇರಬೇಕೆಂದು ಆಸೆಯಿದ್ದರೆ ಬಿಡಿ, ಅದು ಬೇರೆ. ಕಾವಲಿಗೆಂದು ಬಿಡಬೇಡಿ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುತ್ತದೆ, ಪ್ರತಿ ಸಲ ಹೀಗೆ ಕಾವಲು ಕೂತರೆ ಅವನಿಗೆ ಐದು ತುಂಬುವಷ್ಟರಲ್ಲಿ ನೀವು ಹಾಸಿಗೆ ಹಿಡಿದಿರುತ್ತೀರಿ. ಮೊದಲ ವಾರ ಮಧ್ಯಾಹ್ನ ಒಂದು ಸಲ ಫೋನ್ ಮಾಡಿ. ‘ಜ್ವರ ಎಷ್ಟಿದೆ’ ಎಂದು ಕೇಳಬೇಡಿ, ‘ಏನು ಮಾಡ್ತಿದ್ದಾನೆ’ ಎಂದು ಕೇಳಿ.

ಕೊನೆಯದಾಗಿ ಕೇಳಿದ್ದೀರಲ್ಲ, ಒಳಗೊಳಗೇ ನನ್ನನ್ನು ಕರೆಯುತ್ತಿದ್ದನೇ ಎಂದು. ಇಲ್ಲ ತಂಗೀ. ಆ ಎರಡು ನಿಮಿಷ ಅವನಿಗೆ ಪ್ರಜ್ಞೆಯೇ ಇರಲಿಲ್ಲ. ನೋವೂ ಇಲ್ಲ, ಭಯವೂ ಇಲ್ಲ, ನೆನಪೂ ಉಳಿದಿಲ್ಲ. ಕಣ್ಣು ಬಿಟ್ಟಾಗ ಅವನಿಗೆ ಕಂಡದ್ದು ಒದ್ದೆ ತಲೆಯಲ್ಲಿ ಓಡಿ ಬಂದಿದ್ದ ನೀವು.